ಹಸಿ ನಾರಿನ ಕುಣಿಕೆ

“ಏ ಗಾಳೆವ್ವ, ಕುರ್ಚಿ ಮ್ಯಾಗ ಯಾಕ ಕುಂತಿ? ಇಳಿ ಕೆಳಗ. ನಿನ್ನ ಕರಸಿದ್ದು ನಾರು ಸುಲಿಯಾಕ, ಭಾಷಣ ಬಿಗಿಯಾಕಲ್ಲ.”

ಕಳಕಪ್ಪಗೌಡ ವೇದಿಕೆಯ ಮೇಲಿಂದ ಗದರಿದ. ಅಳವಂಡಿ ಹತ್ತಿರದ ಆ ಕಲ್ಯಾಣಮಂಟಪದಲ್ಲಿ ಸೇರಿದ್ದ ಜಮೀನುದಾರರು ಕಿಸಕ್ಕನೆ ನಕ್ಕರು. ಗಾಳೆಮ್ಮ ಹಲ್ಲು ಕಚ್ಚಿಕೊಂಡು ಕೆಳಗಿಳಿದು, ಅಬಕಾರಿ ಸಾಹೇಬರು ಮಾದರಿಗೆಂದು ನೆನೆಸಿ ತಂದಿದ್ದ ದಂಟಿನ ಕಟ್ಟಿನ ಮುಂದೆ ಕೂತಳು. ಬುದ್ಧಿ ಬಂದಾಗಿನಿಂದ ಪುಂಡಿ ನಾರು ಸುಲಿದು ಹಗ್ಗ ಹೊಸೆದ ಕೈ ಅವಳದು. ಇವತ್ತಿನ ದಂಟು ಮಾತ್ರ ಪುಂಡಿಯದಲ್ಲ, ಗಾಂಜಾದ ಜಾತಿಯದು. ಸಾಹೇಬರ ಬಾಯಲ್ಲಿ ಅದರ ಹೆಸರು ಹೆಂಪ್.

ನಶೆಯಿಲ್ಲದ ಈ ತಳಿಯನ್ನು ನಾರಿಗಾಗಿ ಬೆಳೆಯಲು ರಾಜ್ಯ ಸರ್ಕಾರ ಕಾನೂನು ಸಡಿಲಿಸಬೇಕೇ ಎಂದು ರೈತರನ್ನು ಕೇಳುವ ಸಭೆ ಅದು. ಹೇಳಿದ್ದೆಲ್ಲ ವರದಿಯಾಗಿ ಬೆಂಗಳೂರಿಗೆ ಹೋಗುತ್ತದಂತೆ. ಆ ವರದಿಯಲ್ಲಿ ಗಾಳೆಮ್ಮನಿಗೆ ಒಂದೇ ಒಂದು ಸಾಲು ಬೇಕಿತ್ತು. ಕೇರಿಯ ಮಗಳು, ವಕೀಲೆ ಸುರೇಖಾ ಅದನ್ನು ಅರ್ಜಿಯಾಗಿ ಬರೆದುಕೊಟ್ಟು, ಹಿಂದೆ ಕೂಲಿ ಹೆಂಗಸರ ನಡುವೆ ನಿಂತಿದ್ದಳು. ಅರ್ಜಿ ಗಾಳೆಮ್ಮನ ಕುಪ್ಪಸದೊಳಗೆ ಬೆವರಿಗೆ ಒದ್ದೆಯಾಗುತ್ತಿತ್ತು.

ಎಂಟು ತಿಂಗಳ ಹಿಂದೆ ಗೌಡನ ತೊಗರಿ ಹೊಲಕ್ಕೆ ಪೊಲೀಸರು ನುಗ್ಗಿದ್ದರು. ಸಾಲುಗಳ ನಡುವೆ ಆಳೆತ್ತರದ ಗಾಂಜಾ ಗಿಡ. ಹೊಲ ಕಾಯುತ್ತಿದ್ದವನು ಅವಳ ಗಂಡ ಹೊಳಿಯಪ್ಪ.

“ನನಗ ಗೊತ್ತಿಲ್ಲದಂಗ ಹಚ್ಯಾನ್ರಿ ಸೂಳೆಮಗ,” ಎಂದಿದ್ದ ಗೌಡ.

“ಧಣ್ಯಾರ, ಬೀಜ ನೀವಽ ಕೊಟ್ಟಿದ್ರೆಲ್ರಿ...”

ಮಾತು ಮುಗಿಯುವ ಮೊದಲೇ ಹೊಳಿಯಪ್ಪನ ಕಪಾಳಕ್ಕೆ ಬಿತ್ತು. ಆಮೇಲೆ ಗೌಡ ಅವನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ: “ಹೂಂ ಅಂದು ಹೆಬ್ಬಟ್ಟು ಒತ್ತಿಬಿಡಲೇ. ಮೂರು ದಿನದಾಗ ಬಿಡಿಸ್ಕೊಂಡ ಬರ್ತೀನಿ.”

ಮೂರು ತಲೆಮಾರು ಅದೇ ಮನೆಯಲ್ಲಿ ದುಡಿದವರಿಗೆ ಧಣಿಯ ಮಾತು ಕೋರ್ಟಿನ ಕಾಗದಕ್ಕಿಂತ ಗಟ್ಟಿ. ಒತ್ತಿಬಿಟ್ಟ, ಮುಠ್ಠಾಳ. ಅವನ ಕೈ ಕಟ್ಟಲು ಪೊಲೀಸರು ಹೊಲದ ಗುಡಿಸಲಲ್ಲಿ ತೂಗುಹಾಕಿದ್ದ ಹಗ್ಗವನ್ನೇ ಎಳೆದುಕೊಂಡರು. ಅದು ಗಾಳೆಮ್ಮ ಹೊಸೆದ ಹಗ್ಗ.

ಈಗ ಅದೇ ಗೌಡ ಮೈಕ್ ಹಿಡಿದಿದ್ದ.

“ನಮ್ಮ ಒಣಭೂಮಿಗೆ ಇದು ಬಂಗಾರದಂಥಾ ಬೆಳಿ ಐತ್ರಿ. ಹಳೇ ಕಾನೂನು ಹಿಡಕೊಂಡು ಕುಂತ್ರ ರೈತ ಉದ್ಧಾರ ಆಗೋದು ಯಾವಾಗ? ಮೊದಲನೇ ಲೈಸನ್ಸ್ ನನಗ ಕೊಡ್ರಿ, ನಲವತ್ತು ಎಕರೆ ಹಾಕ್ತೀನಿ.”

ಚಪ್ಪಾಳೆಯೋ ಚಪ್ಪಾಳೆ. ಅಬಕಾರಿ ಸಾಹೇಬ ಕರಡು ನಿಯಮ ಓದಿದ: ಸ್ವಂತ ಜಮೀನಿರಬೇಕು, ಅರ್ಜಿದಾರನ ಮೇಲೆ ಗಾಂಜಾ ಕೇಸು ಇರಬಾರದು. ಗೌಡನ ಮೇಲೆ ಕೇಸು ಎಲ್ಲಿಂದ ಬರಬೇಕು? ಅದನ್ನು ಹೊತ್ತವನು ಜೈಲಿನಲ್ಲಿದ್ದಾನಲ್ಲ.

ಗಾಳೆಮ್ಮ ಎದ್ದು ಅರ್ಜಿ ಚಾಚಿದಳು. “ಸಾಹೇಬ್ರ, ಒಂದು ಸಾಲು ಬರಕೋರ್ರಿ. ಧಣಿಗೋಳ ಹೊಲದಾಗ ಸಿಕ್ಕ ಗಿಡಕ್ಕ ಜೈಲಿಗೆ ಹೋದ ಕೂಲ್ಯಾರನ್ನ ಮೊದಲ ಬಿಡ್ರಿ. ಲೈಸನ್ಸ್ ಆಮ್ಯಾಲ ಕೊಡ್ರಿ.”

ಸಾಹೇಬ ಕಾಗದ ಮುಟ್ಟಲಿಲ್ಲ. “ಅದು ಕೋರ್ಟಿನ ವಿಚಾರ ಅಮ್ಮಾ, ಇಲ್ಲಿ ಬರೆಯೋಕಾಗಲ್ಲ. ಅದು ಗಾಂಜಾ, ಇದು ಹೆಂಪ್.”

“ಎಲಿ ಹಂಗಽ ಐತಿ, ದಂಟೂ ಹಂಗಽ ಐತಿ. ನನ್ನ ಗಂಡನ ಕೈಯಾಗ ಇದ್ರ ಗಾಂಜಾ, ಗೌಡ್ರ ಕೈಯಾಗ ಇದ್ರ ಹೆಂಪ್ ಏನ್ರಿ?”

ಹಿಂದೆ ಹೆಂಗಸರಲ್ಲಿ ಗುಸುಗುಸು ಎದ್ದಿತು. ಗೌಡನ ಮುಖ ಕೆಂಪೇರಿತು.

“ಬಾಯಿ ಮುಚ್ಚು ಬೋಸುಡಿ! ನಿನ್ನ ಗಂಡ ಅಲ್ಲೇ ಕೊಳೀಬೇಕಂತ ಮಾಡಿಯೇನು? ನಾರು ಸುಲಿ, ಕೂಲಿ ತಗೊ, ಮನೀಗೆ ನಡಿ.”

ಅವಳು ಅರ್ಜಿಯನ್ನು ನೆಲದ ಮೇಲಿಟ್ಟು ಕೂತಳು. ದಂಟಿನ ಬುಡ ಮುರಿದು ತೊಗಟೆ ಎಳೆದರೆ ತುದಿಯವರೆಗೆ ಸರಕ್ಕನೆ ಬಂತು. ಎಳೆಗಳನ್ನು ತೊಡೆಯ ಮೇಲೆ ಹೊಸೆದಳು. ಎರಡು ಮಾರು ಹಗ್ಗ ಆಗುವವರೆಗೆ ಸಭೆ ಬಾಯಿಬಿಟ್ಟುಕೊಂಡು ನೋಡಿತು. ಸಾಹೇಬನಿಗೆ ಖುಷಿಯೋ ಖುಷಿ.

“ಗೌಡ್ರೇ, ಒಂದು ತುದಿ ನೀವು ಹಿಡ್ಕೊಳ್ಳಿ. ಎಷ್ಟು ಗಟ್ಟಿ ಅಂತ ಫೋಟೋದಲ್ಲಿ ಕಾಣಲಿ.”

ಗೌಡ ನಗುತ್ತ ಇಳಿದು ಬಂದ. ಜಗ್ಗಲು ಹಿಡಿತ ಸಿಗಲೆಂದು ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು, ಕ್ಯಾಮೆರಾದ ಕಡೆ ಮುಖ ತಿರುಗಿಸಿದ. ಗಾಳೆಮ್ಮನಿಗೆ ಅಷ್ಟು ಹೊತ್ತು ಸಾಕಿತ್ತು. ಆ ಸುತ್ತುಗಳ ಮೇಲೆಯೇ ಹೋರಿ ಕಟ್ಟುವ ಕುಣಿಕೆ ಹಾಕಿ ಬಿಗಿದಳು. ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು.

“ಏನ್ ಮಾಡಾಕತ್ತೀ ಲೇ?” ಗೌಡ ಜಗ್ಗಿದ. ಹಸಿ ನಾರು ಜಗ್ಗಿದಷ್ಟೂ ಚರ್ಮದೊಳಕ್ಕೆ ಇಳಿಯಿತು.

“ನನ್ನ ಗಂಡಗ ಹಿಂಗಽ ಕಟ್ಟಿದ್ರು. ಬೀಜ ಕೊಟ್ಟಾಂವ ಒಂದು ತುದೀಗೆ, ಕಾಯ್ದಾಂವನ ಹೇಣ್ತಿ ಒಂದು ತುದೀಗೆ. ಇಬ್ಬರನ್ನೂ ಹಿಡಕೊಂಡು ನಡೀರಿ ಸಾಹೇಬ್ರ. ಇಲ್ಲಾ, ಆ ಸಾಲು ಬರೀರಿ.”

“ಯಾರಾದ್ರೂ ಚಾಕು ತನ್ನಿ!” ಸಾಹೇಬ ಕೂಗಿದ. ಹಿಂದಿದ್ದ ಹೆಂಗಸರು ಹೋಗಿ ಬಾಗಿಲಿಗೆ ಅಡ್ಡ ನಿಂತರು. ಸುರೇಖಾ ಮುಂದೆ ಬಂದು ಅರ್ಜಿಯನ್ನೆತ್ತಿ ವರದಿಯ ಪಕ್ಕಕ್ಕಿಟ್ಟಳು, ಪೆನ್ನಿನ ಮುಚ್ಚಳ ತೆಗೆದು ಸಾಹೇಬನ ಮುಂದೆ ಹಿಡಿದಳು. ಅವನ ಕೈ ಮೇಲೇಳಲಿಲ್ಲ.

ಗೌಡನ ಬೆರಳುಗಳು ನೀಲಿಗಟ್ಟುತ್ತಿದ್ದವು. ಗಾಳೆಮ್ಮನವೂ ನೀಲಿಗಟ್ಟುತ್ತಿದ್ದವು. ಅವಳು ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿದಳು.