ಹೊರಗಿನ ಹೊಲಿಗೆ

ಭಾವ ತಮ್ಮನ ಬಲಗೈಯನ್ನು ಅಂಗಿಯ ತೋಳಿಗೆ ತೂರಿಸುವಷ್ಟರಲ್ಲಿ ತಮ್ಮನ ಹೆಂಡತಿ ಬಂದು ಅವರ ಮಣಿಕಟ್ಟು ಹಿಡಿದುಕೊಂಡಳು.

"ಇದು ಬೇಡ ಭಾವ. ಹೊಲಿಗೆ ಉಜ್ಜುತ್ತೆ."

ಸತ್ತವನಿಗೆ ಏನು ಉಜ್ಜೀತು ಎಂಬ ಮಾತು ಭಾವನ ನಾಲಿಗೆಯ ತುದಿಗೆ ಬಂದಿತ್ತು. ಆದರೂ ಅಂಗಿ ಬಿಚ್ಚಿದರು.

ಅವನು ಮೂವತ್ತೆರಡು ವರ್ಷ ದರ್ಜಿ. ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಎದುರಿಗಿದ್ದವರ ಕಾಲರ್ ನೋಡುವ ಆಸಾಮಿ. ಇದನ್ನು ಹೊಲಿದವನ ಕೈಗೆ ಏನಾಗಿತ್ತಂತೆ ಎಂದು ಹೆಂಡತಿಯ ಕಿವಿಯಲ್ಲಿ ಕೇಳುತ್ತಿದ್ದ. ಅಂಗಡಿಯಲ್ಲಿ ಕತ್ತರಿ, ಮೆಷಿನ್ ಅವನವು. ಗುಂಡಿ, ಅದು ತೂರುವ ಕಾಜಾ ಅವಳವು. ಅದರಾಚೆಗೆ ಅವಳನ್ನು ಬಿಟ್ಟುಕೊಂಡವನಲ್ಲ.

*

ಎರಡನೇ ಕೀಮೋ ಆದಮೇಲೆ ಅವನ ಎದೆ, ಬೆನ್ನಿನ ತುಂಬ ಕೆಂಪು ಗುಳ್ಳೆ ಎದ್ದವು. ಅಂಗೈ ಸುಲಿಯಿತು, ಬೆರಳ ತುದಿ ಬಿರಿಯಿತು. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮುಲಾಮು, ಸಡಿಲವಾದ ಹತ್ತಿ ಬಟ್ಟೆ ಎಂದು ನರ್ಸ್ ಹೇಳಿ ಕಳಿಸಿದಳು. ಹತ್ತಿಯೇನೋ ಸರಿ, ಒಳಗಿನ ಹೊಲಿಗೆಯ ಅಂಚು ಕಂಕುಳಲ್ಲಿ ಗರಗಸದ ಹಾಗೆ ಆಡುತ್ತಿತ್ತು. ಮನೆಯಲ್ಲಿ ಅಂಗಿ ಉಲ್ಟಾ ಹಾಕಿಕೊಳ್ಳತೊಡಗಿದ. ಬಾಗಿಲು ಸದ್ದಾದರೆ ಸಾಕು, ಒಳಗೆ ಹೋಗಿ ತಿರುಗಿಸಿಕೊಂಡು ಬಂದು, ಗಿರಾಕಿ ಎದ್ದುಹೋಗುವವರೆಗೆ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದ.

ನೋಡಲಾರದೆ ಅವಳೇ ಮೆಷಿನ್ ಮುಂದೆ ಕೂತಳು. ಹಳೆಯ ಹೊದಿಕೆ ಕತ್ತರಿಸಿ, ಅಂಚೆಲ್ಲ ಹೊರಗೆ ಬರುವಂತೆ ಒಂದು ಅಂಗಿ ಹೊಲಿದಳು. ಎಡಗಂಕುಳಲ್ಲಿ ಬಟ್ಟೆ ಸಾಲದೆ ಸಣ್ಣ ತುಂಡೊಂದನ್ನು ಸೇರಿಸಿದಳು.

"ತೋಳು ಸೊಟ್ಟ," ಎಂದ. ಹಾಕಿಕೊಂಡ. ಮೂರು ತಾಸು ಮಿಸುಕದೆ ನಿದ್ದೆ ಮಾಡಿದ. ಎದ್ದಮೇಲೆ ಹೇಳಿದ: "ಇದರಲ್ಲಿ ನನ್ನನ್ನ ಯಾರಿಗೂ ತೋರಿಸಬೇಡ. ಮಾತು ಕೊಡು."

ಕೊಟ್ಟಳು.

*

ಈಗ ಬಾಗಿಲಾಚೆ ಗಿರಾಕಿಗಳೇ ತುಂಬಿದ್ದರು. ಹೆಚ್ಚಿನವರು ಅವನು ಹೊಲಿದುಕೊಟ್ಟ ಅಂಗಿಗಳನ್ನೇ ಹಾಕಿಕೊಂಡು ಬಂದಿದ್ದರು. ಸೊಟ್ಟ ತೋಳಿನ ಅಂಗಿ ಅವಳ ಮಡಿಲಲ್ಲಿತ್ತು. ಹಾಕಿದರೆ ಮಾತು ತಪ್ಪಿದಂತೆ. ಹಾಕದಿದ್ದರೆ ಆ ಬೆನ್ನಿಗೆ ಮತ್ತೆ ಅದೇ ಅಂಚು. ಬೆಳಗಿನಿಂದ ಬಾರದ ಅಳು ಆಗ ಬಂತು.

ಮೆತ್ತಗಿನದು ಇನ್ನೊಂದಿದ್ದೀತೆಂದು ಅಂಗಡಿಗೆ ಹೋಗಿದ್ದ ಮಗಳು ಒಂದು ಪೊಟ್ಟಣ ಹಿಡಿದುಕೊಂಡು ಬಂದಳು. ಗಿರಾಕಿಯ ಹೆಸರು ಬರೆಯುವ ಚೀಟಿಯಲ್ಲಿ ಅಪ್ಪನ ಅಕ್ಷರ: ನನ್ನದು.

ಒಳಗೆ ಬಿಳಿ ಅಂಗಿ, ಹೊಸ ಬಟ್ಟೆ. ಭಾವ ಕೊಡವಿ, ಉಲ್ಟಾ ಮಡಚಿಟ್ಟಿದ್ದಾನೆ ಎಂದು ತಿರುಗಿಸಹೋದರು. ಜೇಬು ಅಂಚಿದ್ದ ಕಡೆಗೇ ಇತ್ತು.

"ಉಲ್ಟಾ ಅಲ್ಲ ಭಾವ. ಹೀಗೇ ಹೊಲಿದಿದ್ದಾರೆ."

ಹೊರಗಿನ ಹೊಲಿಗೆ ಗೆರೆ ಎಳೆದಷ್ಟು ನೇರ. ಎಡಗಂಕುಳಲ್ಲಿ, ಬಟ್ಟೆ ಧಾರಾಳವಾಗಿದ್ದರೂ, ಅವಳು ಸೇರಿಸಿದಂಥದೇ ಸಣ್ಣ ತುಂಡು. ಅಲ್ಲಲ್ಲಿ ಬಿರಿದ ಬೆರಳಿನ ಕಂದು ಕಲೆ. ಕಾಜಾ ಇರಲಿಲ್ಲ. ಐದು ಗುಂಡಿ ಜೇಬಿನಲ್ಲಿದ್ದವು.

ಗಾಡಿಯವನು ಹೊತ್ತಾಯಿತೆಂದ. ಪಿನ್ನು ಚುಚ್ಚಿಬಿಡೋಣ ಎಂದರು ಭಾವ. ಅವಳು ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದು ಕಾಜಾಕ್ಕೆ ಹತ್ತು ನಿಮಿಷ. ಎರಡನೆಯದಕ್ಕೆ ಬರುವಷ್ಟರಲ್ಲಿ ಭಾವನೇ ಹೊರಗೆ ಹೋಗಿ ಗಾಡಿಯವನನ್ನು ಟೀ ಕುಡಿಸಲು ಕರೆದುಕೊಂಡು ಹೋದರು.

ಅಂಗಿ ತೊಡಿಸಿ, ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಕರೆಸಿದಳು. ಎದೆಯ ಗುಂಡಿಯೊಂದು ಉಳಿದಿತ್ತು. ಅದನ್ನು ಅವನ ಮೈಮೇಲೆಯೇ ಹೊಲಿದಳು. ಮಗಳು ಕತ್ತರಿ ಚಾಚಿದಳು. ಅವಳು ತೆಗೆದುಕೊಳ್ಳಲಿಲ್ಲ, ಅಂಗಡಿಯಲ್ಲಿ ಮಾಡುತ್ತಿದ್ದಂತೆ ದಾರವನ್ನು ಹಲ್ಲಿನಲ್ಲೇ ಕಡಿಯಲು ಅವನ ಎದೆಯ ಮೇಲೆ ಬಗ್ಗಿದಳು.