ಜೋಡಿ ಸೈಕಲ್ಲಿಗೊಂದು ಫೋರ್ಕು

ಕ್ಲಿಫರ್ಡ್ ಹೋಲ್ರಾಯ್ಡ್ ಕಾಲ್ನಡಿಗೆಯಲ್ಲಿ ಹೋಗುವಾಗಲೂ ಹಿಂದಿರುವವರಿಗೆ ದಾರಿಯ ವರದಿ ಒಪ್ಪಿಸುತ್ತಲೇ ಹೋಗುತ್ತಿದ್ದರು. ಸ್ಕಿಪ್ಟನ್ನಿನ ಪೇಟೆಬೀದಿಯಲ್ಲಿ ಕೈಚೀಲ ಹಿಡಿದು ಒಬ್ಬಂಟಿಯಾಗಿ ಸಾಗುವ ಆ ಎತ್ತರದ, ಕೃಶವಾದ ಆಕೃತಿ ಇದ್ದಕ್ಕಿದ್ದಂತೆ “ಗುಂಡಿ!” ಎಂದೋ “ಬಲಕ್ಕೆ ತಿರುವು!” ಎಂದೋ ಕೂಗಿದರೆ ಊರಿನವರು ಕತ್ತೆತ್ತಿಯೂ ನೋಡುತ್ತಿರಲಿಲ್ಲ, ಹೊಸಬರು ಮಾತ್ರ ಬೆಚ್ಚಿ ಗೋಡೆಗೆ ಸರಿಯುತ್ತಿದ್ದರು. ಮದುವೆಯಾದಂದಿನಿಂದ ಹೆಂಡತಿ ಮೇವಿಸ್ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಎರಡು ಜೊತೆ ಪೆಡಲ್ಲಿನ ಉದ್ದನೆಯ ಜೋಡಿ ಸೈಕಲ್ಲಿನಲ್ಲಿ ಯಾರ್ಕ್‌ಷೈರಿನ ಕಣಿವೆಗಳನ್ನೆಲ್ಲ ಸುತ್ತಿದ ಮನುಷ್ಯ ಅವರು. ಬೆನ್ನ ಹಿಂದೆ ಯಾರೂ ಇಲ್ಲವೆಂಬ ಸ್ಥಿತಿಯೇ ಅವರಿಗೆ ರೂಢಿಯಾಗಿರಲಿಲ್ಲ.

ಅವರ ಕೋಟಿನದೂ ಒಂದು ಕಥೆ. ಒರಟು ಉಣ್ಣೆಯ ಆ ಕಂದು ಕೋಟಿನ ಎದೆಯ ಮೇಲೆ ಚಹಾದ ಕಲೆ, ಸೈಕಲ್ಲಿನ ಎಣ್ಣೆಯ ಕಲೆ, ಯಾವುದೋ ಪುರಾತನ ಮೊಟ್ಟೆಯ ಕಲೆ. ಆದರೆ ಬೆನ್ನು ಮಾತ್ರ ಮದುಮಗನ ಬೆನ್ನಿನಷ್ಟು ಸ್ವಚ್ಛ. ಪ್ರತಿ ಭಾನುವಾರ ಕ್ಲಬ್ಬಿನ ಸವಾರಿಗೆ ಹೊರಡುವ ಮುನ್ನ ಬ್ರಷ್ಷು ಹಿಡಿದು ಬೆನ್ನನ್ನಷ್ಟೇ ಉಜ್ಜುತ್ತಿದ್ದರು. “ಹಿಂದೆ ಕೂತೋಳಿಗೆ ದಿನವಿಡೀ ಕಾಣೋದು ಇದೊಂದೇ ಅಲ್ವಾ?” ಎನ್ನುತ್ತಿದ್ದರು. ಮೇವಿಸ್ ಅವರ ದೃಷ್ಟಿ ಕ್ರಮೇಣ ಕುಂದಿ, ಕೊನೆಗೆ ಬೆಳಕು ಕತ್ತಲೆಗಳ ವ್ಯತ್ಯಾಸವೂ ಅಳಿಸಿಹೋದ ಮೇಲೂ ಆ ಬ್ರಷ್ಷಿನ ಕೆಲಸ ನಿಲ್ಲಲಿಲ್ಲ.

ಕಣ್ಣು ಹೋದ ಮೇಲೆ ಆಕೆ ಮನೆಯಿಂದ ಹೊರಬರುತ್ತಿದ್ದುದು ಆ ಸೈಕಲ್ಲಿನ ಮೇಲೆ ಮಾತ್ರ. ಕೋಲು ಹಿಡಿದು ಬೀದಿಗಿಳಿಯಲು ಎಷ್ಟು ಹೇಳಿದರೂ ಒಪ್ಪರು. “ಬೀದೀಲಿ ನಾನು ಕುರುಡಿ. ಸೈಕಲ್ ಮೇಲೆ ಹಿಂದಿನ ಸೀಟಿನವಳು, ಅಷ್ಟೇ. ಹಿಂದಿನ ಸೀಟಿನವರಿಗೆ ದಾರಿ ಯಾವತ್ತು ಕಂಡಿತ್ತು?” ಎಂದು ನಗುತ್ತಿದ್ದರು.

ಅನ್ಯೋನ್ಯವಾದ ಈ ದಾಂಪತ್ಯದಲ್ಲಿ ಇದ್ದದ್ದು ಒಂದೇ ತಂಟೆ. ಸೈಕಲ್ಲು ಸದಾ ತುಸು ಎಡಕ್ಕೆ ಎಳೆಯುತ್ತಿತ್ತು, ಕ್ಲಿಫರ್ಡ್ ಸದಾ ಕೂಗುತ್ತಿದ್ದರು: “ಮೇವಿಸ್, ಎಡಕ್ಕೆ ವಾಲ್ಬೇಡ ಮಾರಾಯ್ತಿ!” ಜೋಡಿ ಸೈಕಲ್ಲಿನವರ ಲೋಕದಲ್ಲಿ ಇದೊಂದು ಸನಾತನ ಸಂಪ್ರದಾಯ. ಇಳಿಜಾರಿನ ವೇಗವೆಲ್ಲ ಮುಂದಿನವನ ಕೌಶಲ, ಏರಿನ ನಿಧಾನವೆಲ್ಲ ಹಿಂದಿನವರ ಸೋಮಾರಿತನ. ಅವರ ಬೆನ್ನಿಗೇ ಸವಾರಿ ಮಾಡುತ್ತಿದ್ದ ಕ್ಲಬ್ಬಿನ ನಮಗೆಲ್ಲ ಆ ಕೂಗು ಚರ್ಚಿನ ಗಂಟೆಯಷ್ಟೇ ಪರಿಚಿತವಾಗಿತ್ತು.

ಒಂದು ವಸಂತದಲ್ಲಿ, ಚಳಿಗಾಲದ ಕೆಸರು ತೊಳೆಯುತ್ತಿದ್ದಾಗ, ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕಿನ ನೆತ್ತಿಯಲ್ಲಿ ತುಕ್ಕಿನ ಕೂದಲೆಳೆಯಂಥ ಬಿರುಕೊಂದು ಕ್ಲಿಫರ್ಡ್ ಅವರಿಗೆ ಕಂಡಿತು. ಆ ಸೈಕಲ್ಲನ್ನು ಕೈಯಾರೆ ಕಟ್ಟಿದಾತ ತೀರಿಕೊಂಡಿದ್ದ. ಅವನ ಕಾರ್ಯಾಗಾರದಲ್ಲೀಗ ಬೇಕರಿಯಿತ್ತು. ಸಾಮಾನ್ಯ ಸೈಕಲ್ಲಿನ ಫೋರ್ಕು ಇಬ್ಬರ ಭಾರವನ್ನೂ ಪ್ರವಾಸದ ಚೀಲಗಳನ್ನೂ ಹೊರಲಾರದು. ಹೀಗೆ ಆರಂಭವಾಯಿತು ಕ್ಲಿಫರ್ಡ್ ಅವರ ಅನ್ವೇಷಣೆ.

ನಮ್ಮ ಕಡೆ ಚರ್ಚಿನ ಸಭಾಂಗಣಗಳಲ್ಲಿ ಸೈಕಲ್ಲಿನ ಹಳೆಯ ಬಿಡಿಭಾಗಗಳ ಸಂತೆ ಸೇರುತ್ತದೆ; ಒಂದು ಮೇಜಿನಲ್ಲಿ ಚಹಾ, ಶುಂಠಿ ಕೇಕು, ಉಳಿದ ಮೇಜುಗಳಲ್ಲಿ ಮೂರು ತಲೆಮಾರಿನ ಕಬ್ಬಿಣ. ಕ್ಲಿಫರ್ಡ್ ಬಿರುಕು ಬಿಟ್ಟ ಫೋರ್ಕನ್ನು ಮಗುವಿನಂತೆ ಬಗಲಲ್ಲಿಟ್ಟುಕೊಂಡು ಸಂತೆಯಿಂದ ಸಂತೆಗೆ ಅಲೆದರು. ಸಿಕ್ಕ ಫೋರ್ಕುಗಳನ್ನೆಲ್ಲ ಪಕ್ಕದಲ್ಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, “ಬಾಗು ಹೆಚ್ಚಾಯ್ತು” ಎಂದು ನಿಟ್ಟುಸಿರಿಟ್ಟು ಹಿಂದಿರುಗಿಸುತ್ತಿದ್ದರು. ಬಿಡಿಭಾಗ ಮಾರುವ ಮುದುಕ ಸಗ್ಡನ್ ರೇಗಿದ: “ರಾಣಿಗೆ ಕಿರೀಟ ಹುಡುಕೋರೂ ಇಷ್ಟು ಕೊಂಕು ತೆಗೆಯಲ್ಲ ಕಣೋ!”

ಕ್ಲಿಫರ್ಡ್ ನಗಲಿಲ್ಲ. ಚಹಾದ ಲೋಟ ಹಿಡಿದು ನನ್ನ ಪಕ್ಕ ಬಂದು ಕುಳಿತವರು ಮೆಲ್ಲಗೆ ಹೇಳಿದರು: “ಬಾಗು ಒಂಚೂರು ಬೇರೆ ಆದ್ರೂ ಸೈಕಲ್ ತಿರುಗೋ ರೀತಿ ಬದಲಾಗುತ್ತೆ. ಅವಳು ಹೆದರ್ತಾಳೆ. ಒಂದ್ಸಲ ಹೆದರಿದ್ರೆ ಮತ್ತೆ ಹತ್ತಲ್ಲ. ಹತ್ತಲಿಲ್ಲ ಅಂದ್ರೆ ಆ ಕಿಟಕಿ ಪಕ್ಕದ ಕುರ್ಚೀಲೇ ಮುಗಿದುಹೋಗ್ತಾಳೆ.” ಅಷ್ಟು ಹೊತ್ತಿಗಾಗಲೇ ಮೇವಿಸ್ ಭಾನುವಾರದ ಬೆಳಿಗ್ಗೆ ಬೂಟು ಎಲ್ಲಿ ಎಂದು ಕೇಳುವುದನ್ನೂ ಬಿಟ್ಟಿದ್ದರು.

ಕೊನೆಗೆ ಸಗ್ಡನ್ನನೇ ಕರಗಿ, ಜೋಡಿ ಸೈಕಲ್ಲಿನದೇ ಆದ, ಉದ್ದದಲ್ಲೂ ತಿರುಪಿನ ಸುತ್ತಿನಲ್ಲೂ ಸರಿಹೊಂದುವ ಗಟ್ಟಿ ಫೋರ್ಕೊಂದನ್ನು ಹುಡುಕಿ ಕೊಟ್ಟ. ಆ ಸಂಜೆ ನಾನೂ ಅವರ ಅಡುಗೆಮನೆಯಲ್ಲಿದ್ದೆ. ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಮಲಗಿಸಿ, ಎಂದಿನಂತೆ ಕೈಗೆ ಹತ್ತಿರವಾದ, ಫೋರ್ಕುಗಳ ಎಡಗಾಲುಗಳನ್ನಷ್ಟೇ ಅಳೆದು, ಕ್ಲಿಫರ್ಡ್ ತಲೆ ಕೊಡವಿದರು. “ಇದೂ ಆಗಲ್ಲ.”

“ಕೊಡು ಇಲ್ಲಿ,” ಎಂದರು ಮೇವಿಸ್. ಆಕೆ ಹೊಸ ಫೋರ್ಕಿನ ಎರಡೂ ಕಾಲುಗಳನ್ನು ಏಕಕಾಲಕ್ಕೆ ನೇವರಿಸಿದರು. ಆಮೇಲೆ ಹಳೆಯದನ್ನು. ಬೆರಳು ನಿಂತಿತು, ಮತ್ತೆ ಮೇಲಿನಿಂದ ಬಂದು ಅಲ್ಲೇ ನಿಂತಿತು.

“ಕ್ಲಿಫ್, ಇದರ ಎಡಗಾಲು ಹಿಂದಕ್ಕೆ ಹೋಗಿದೆಯಲ್ಲೋ.”

ಕ್ಲಿಫರ್ಡ್ ಬಾಗಿ ನೋಡಿದರು. ಸಂತೆಯ ಫೋರ್ಕುಗಳನ್ನೆಲ್ಲ ಅವರು ಹೋಲಿಸಿ ನೋಡಿದ್ದು ಈ ಸೊಟ್ಟ ಕಾಲಿಗೇ. “ಮಾಲಮ್ ಹಳ್ಳಿಯ ಆ ಗೇಟಿನ ಕಂಬ,” ಎಂದರು. ಇಬ್ಬರೂ ಇನ್ನೂ ಪ್ರಾಯದಲ್ಲಿದ್ದಾಗ ಕುರಿದೊಡ್ಡಿಯ ಕಂಬಕ್ಕೆ ಗುದ್ದಿ ಗಾಲಿ ಬದಲಾಯಿಸಿದ್ದರಂತೆ. ಫೋರ್ಕು ಸೊಟ್ಟಗಾಗಿದೆಯೇ ಎಂದು ಯಾರೂ ನೋಡಿರಲಿಲ್ಲ.

“ಹಾಗಾದ್ರೆ ವಾಲ್ತಿದ್ದೋಳು ನಾನಲ್ಲ.”

“ಅಲ್ಲ.”

“ನೀನು ಬೈದೂ ಬೈದೂ, ನಾನು ಇಷ್ಟು ವರ್ಷ ಬಲಕ್ಕೆ ವಾಲ್ಕೊಂಡೇ ಕೂತಿದೀನಿ ಕಣೋ. ಸೊಂಟ ಯಾಕೆ ನೋಯುತ್ತೆ ಅಂತ ಡಾಕ್ಟರ ಹತ್ರ ಬೇರೆ ಕರ್ಕೊಂಡು ಹೋದೆ!”

“ಒಂದು ಮಾತು ಹೇಳ್ಬಾರ್ದಿತ್ತಾ ಮೇವಿಸ್?”

“ದಾರಿ ನೋಡ್ತಿದ್ದವನು ನೀನು. ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ.”

ಕ್ಲಿಫರ್ಡ್ ಕನ್ನಡಕ ತೆಗೆದು ಒರೆಸತೊಡಗಿದರು; ಒರೆಸಬೇಕಾದ್ದು ಕನ್ನಡಕವನ್ನಲ್ಲ ಎಂಬುದು ನನಗೆ ಕಾಣುತ್ತಿತ್ತು. ಹೊಸ ಫೋರ್ಕಿನಿಂದ ಸೈಕಲ್ಲು ತಿರುಗುವ ರೀತಿ ಬದಲಾದೀತೆಂದು ಅವರು ಮತ್ತೆ ಶುರುಮಾಡಿದಾಗ ಮೇವಿಸ್ ತಡೆದರು: “ಸಾಕು, ಹಾಕು ಅದನ್ನ. ಹೆದರಿರೋಳು ನಾನಲ್ಲ, ನೀನು.”

ಮುಂದಿನ ಭಾನುವಾರ ಇಬ್ಬರೂ ಹೊರಟರು. ನೇರವಾದ ಫೋರ್ಕಿನ ಮೇಲೆ, ಹಳೆಯ ಅಭ್ಯಾಸದಿಂದ ಮೇವಿಸ್ ಬಲಕ್ಕೇ ವಾಲಿ ಕುಳಿತಿದ್ದರು. ಸೈಕಲ್ಲು ಈಗ ಬಲಕ್ಕೆ ಎಳೆಯಿತು. ಹಿಂದಿದ್ದ ನಾವೆಲ್ಲ ಆ ಚಿರಪರಿಚಿತ ಕೂಗಿಗಾಗಿ ಕಿವಿಗೊಟ್ಟೆವು. ಅದು ಬರಲಿಲ್ಲ. ಕ್ಲಿಫರ್ಡ್ ಸದ್ದಿಲ್ಲದೆ ತಮ್ಮ ಮೈಯನ್ನು ಎಡಕ್ಕೆ ವಾಲಿಸಿದರು. ಸೈಕಲ್ಲು ನೆಟ್ಟಗೆ ಓಡಿತು.

“ಯಾರೋ ವಾಲ್ತಿದಾರೆ,” ಎಂದರು ಮೇವಿಸ್.

“ನಾನೇ ಕಣೇ. ನೀನು ಹಾಯಾಗಿ ಕೂತ್ಕೋ.”

ಮುಂದೆ ಕುಳಿತು ದಾರಿ ತೋರುವವರ ಕುಲವೊಂದಿದೆ. ತಮ್ಮವರನ್ನು ಬೀಳದಂತೆ ಹೊತ್ತು ಸಾಗುತ್ತಿರುವವರು ತಾವೇ ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಆ ನಂಬಿಕೆಯಲ್ಲಿ ಅಹಂಕಾರಕ್ಕಿಂತ ಪ್ರೀತಿಯೇ ಹೆಚ್ಚು. ತಮ್ಮನ್ನು ಬೀಳದಂತೆ ಹಿಡಿದಿರುವವರು ಹಿಂದಿದ್ದಾರೆಂಬುದು ಅವರಲ್ಲಿ ಬಹುಮಂದಿಗೆ ಕೊನೆಗೂ ತಿಳಿಯುವುದಿಲ್ಲ. ತಿಳಿದ ಮೇಲೆ, ಉಳಿದ ದಾರಿಯುದ್ದಕ್ಕೂ ಬಾಯಿಮುಚ್ಚಿಕೊಂಡು ತಾವು ವಾಲುವವರು ಇನ್ನೂ ವಿರಳ.