ಎರಡು ಸುಣ್ಣದ ಗೆರೆ

ತೊಗರಿ ರಾಶಿಯ ದಿನಗಳು. ಕಮಲಾಪುರದ ಹೊಲದಲ್ಲಿ ಭಾಗಪ್ಪ ಅರ್ಧ ಕಣ ಗುಡಿಸಿ ಬಿಟ್ಟುಕೊಟ್ಟಿದ್ದ. ಕಲಬುರಗಿಯಿಂದ ಬಂದ ಡಾಕ್ಟರ್ ಗುರುರಾಜ ಅಲ್ಲಿ ಹದಿನೈದು ಮೀಟರ್ ಅಂತರದಲ್ಲಿ ಸುಣ್ಣದ ಎರಡು ಗೆರೆ ಎಳೆದ.

ಆ ಗೆರೆಗಳ ನಡುವೆ ಭಾಗಪ್ಪನ ಮಗಳು ಗುರುದೇವಿ ಆರು ನಿಮಿಷ ನಡೆಯಬೇಕು. ಹನ್ನೊಂದರ ಹುಡುಗಿ. ಸ್ನಾಯುಗಳು ಸೋಲುತ್ತಿದ್ದವು. ಹದಿನೈದು ದಿನಕ್ಕೊಂದು ಸೂಜಿ, ಬದುಕಿರುವವರೆಗೆ. ಸರಕಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಡೆಯಲಾರದವರಿಗೆ ಸೂಜಿಯಿಂದ ಫಲವಿಲ್ಲ. ಇಪ್ಪತ್ತು ಸಲಕ್ಕಿಂತ ಹೆಚ್ಚು ದಾಟಿದವರಿಗೆ ಈ ವರ್ಷ ಅಗತ್ಯವಿಲ್ಲ. ಸೂಜಿ ಹಂಚುವ ಸಮಿತಿಯಲ್ಲಿ ಇಪ್ಪತ್ತು ಎಂದದ್ದು ಗುರುರಾಜನೇ. ಇದ್ದ ಸೂಜಿ ನಾಲ್ವರಿಗೆ, ಅರ್ಜಿ ಒಂಬತ್ತು, ಚಹಾ ಆರುತ್ತಿತ್ತು. ಲೆಕ್ಕ ಹೊರಗೆ ಹೇಳಕೂಡದು, ಹೇಳಿದರೆ ಎಲ್ಲರೂ ಕುಂಟುತ್ತಾರೆ ಎಂದು ಯಾರೋ ನಕ್ಕಿದ್ದರು.

ತಾಯಿ ಮರೆಮ್ಮ ಮಗಳಿಗೆ ಹೊಸ ಲಂಗ ಉಡಿಸಿದ್ದಳು. ಪರೀಕ್ಷೆ ಎಂದು ತಿಳಿದು ತಿಂಗಳಿಂದ ದಿನಾ ನಡೆಸಿದ್ದರಂತೆ.

ಗುರುದೇವಿ ನಡೆದಳು. ಹನ್ನೆರಡು. ಹದಿನೈದು. ತುಟಿ ಕಚ್ಚಿಕೊಂಡು, ಎಡಗಾಲು ಎಳೆಯುತ್ತ, ಹತ್ತೊಂಬತ್ತು. ಕೂಡವ್ವಾ ಎಂದು ಅಲ್ಲೇ ಕೂರಿಸಿದ್ದರೆ ಸಾಕಿತ್ತು. ಗುರುರಾಜ ಗಡಿಯಾರ ನೋಡಿದ.

“ಇನ್ನ ಸ್ವಲ್ಪ, ನನ್ನವ್ವ. ಸಾಹೇಬ್ರು ನೋಡಾಕತ್ತಾರ,” ಎಂದ ಭಾಗಪ್ಪ.

ಇಪ್ಪತ್ತು. ಇಪ್ಪತ್ತೊಂದು. ಗೆರೆ ದಾಟಿ ಹುಡುಗಿ ಕುಸಿದು ಕೂತಳು. ನಗುತ್ತಿದ್ದಳು.

“ಪಾಸಾದಳೇನ್ರಿ?” ಭಾಗಪ್ಪ ಕೇಳಿದ.

“ಛಲೋ ನಡದಾಳ,” ಎಂದ ಗುರುರಾಜ. ಸುಳ್ಳಲ್ಲ. ಹಾಳೆಯಲ್ಲಿ ಇಪ್ಪತ್ತೊಂದು ಬರೆದ.

ಭಾಗಪ್ಪ ಕಾರಿನಲ್ಲಿ ಕೆಂಬಾಳೆಯ ಗೊನೆ ಇಟ್ಟ. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಕಾರು ಹತ್ತಿದ.

ಸಂಜೆ ಕಲಬುರಗಿಯ ಬ್ರಹ್ಮಪುರದ ಮನೆಯಲ್ಲಿ ಹೆಂಡತಿ ಮಂಜುಷಾ ಗೊನೆ ನೋಡಿದಳು.

“ಯಾರು ಕೊಟ್ರು?”

“ಒಬ್ಬರು.”

“ಸುಮ್ಮನ?”

“ಇನ್ನೂ ಕಾಯಿ ಅವ. ಇರಲಿ.”

ಕಾಲು ತೊಳೆಯಲು ಹೋದರೆ ಬೂಟಿನ ಅಂಚಿಗೆ ಸುಣ್ಣ. ಎಷ್ಟು ಉಜ್ಜಿದರೂ ಹೊಲಿಗೆಯಲ್ಲಿ ಬಿಳಿ ಉಳಿಯಿತು. ಅಷ್ಟರಲ್ಲಿ ಫೋನು.

“ನಾನ್ರಿ ಸಾಹೇಬ್ರ, ಭಾಗಪ್ಪ. ಗೆರಿ ಅಳಸಿಲ್ಲರಿ. ಮತ್ತ ಬಂದು ನೋಡ್ತೀರಂದ್ರ ಇಪ್ಪತ್ತೈದು ಮಾಡ್ತಾಳ. ಕೂಡು ಅಂದ್ರ ಕೇಳವಲ್ಲಳು. ಈಗೂ ನಡ್ಯಾಕತ್ತಾಳ, ಕೇಳ್ರಿ.”

ಭಾಗಪ್ಪ ಫೋನನ್ನು ನೆಲದ ಹತ್ತಿರ ಹಿಡಿದಿರಬೇಕು. ತೊಗರಿ ಹೊಟ್ಟಿನ ಮೇಲೆ ಒಂದು ಹೆಜ್ಜೆ, ಆಮೇಲೆ ಎಳೆದ ಕಾಲಿನ ಸಪ್ಪಳ. ಹೋಯಿತು. ತಿರುಗಿ ಬಂತು.

ಗುರುರಾಜ ಒದ್ದೆ ಬೂಟು ಕೈಯಲ್ಲಿ ಹಿಡಿದು ಎಣಿಸತೊಡಗಿದ.